ಕೊಂಬು ಕಳೆದುಕೊಂಡ ಊರುಗಳು

ಕರ್ನಾಟಕದ 31 ಜಿಲ್ಲೆಗಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಒಂದು ಕಡತದಲ್ಲಿ ಉಳಿಸಿದೆ. ರಾಮನಗರವನ್ನು ಹಳೆಯ ಪಟ್ಟಿಯಲ್ಲಿದ್ದ ಹೆಸರಿನಲ್ಲೇ ಬಿಟ್ಟಿದ್ದೆ. ಕನ್ನಡದ ಮಾಹಿತಿಯನ್ನು ಡೇಟಾಬೇಸಿಗೆ ತುಂಬಿಸುವವರು ಒಂದಲ್ಲ ಒಂದು ದಿನ ಗೊತ್ತಿಲ್ಲದೆ ಮಾಡುವ ತಪ್ಪನ್ನು ನಾನು ಗೊತ್ತಿದ್ದೇ ಮಾಡಿದೆ. ಕಡತ ಇದ್ದದ್ದು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ. ಓದುವ ತಂತ್ರಾಂಶಕ್ಕೆ ಇದು ವಿಂಡೋಸ್-1252 ಎಂದು ಹೇಳಿದೆ. ಅರ್ಥವಾಗದ ಬೈಟ್ ಸಿಕ್ಕರೆ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗು ಎಂದೂ ಹೇಳಿದೆ. ಕೋಷ್ಟಕದಲ್ಲಿ ಬಂದು ಕೂತದ್ದು ಕನ್ನಡವಲ್ಲ. ತಲೆಯ ಮೇಲೆ ಓರೆಗೀಟು ಹೊತ್ತ ಯುರೋಪಿನ ಎ, ಅದರ ಪಕ್ಕ ವರ್ಗಚಿಹ್ನೆಯ ಪುಟ್ಟ ಎರಡು, ಆಮೇಲೊಂದು ದಪ್ಪ ಚುಕ್ಕಿ. ಇಷ್ಟೂ ಸೇರಿ ನಮ್ಮ ಒಂದು ‘ಕ’.

ಈ ಗೋಜಲು ಹೊಸದೇನಲ್ಲ. ಜಪಾನೀಯರು ಇದಕ್ಕೆ ಮೊಜಿಬಾಕೆ ಎಂದು ಹೆಸರಿಟ್ಟಿದ್ದಾರೆ, ವೇಷ ಬದಲಿಸಿದ ಅಕ್ಷರ ಎಂಬರ್ಥದಲ್ಲಿ. ವೇಷ ಕಳಚಿಸಲು ದಾರಿಯೂ ಇದೆ: ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ, ವಿಂಡೋಸ್-1252 ಎಂದು ಬೈಟುಗಳಾಗಿ ಬಿಚ್ಚಿ, ಯುಟಿಎಫ್-8 ಎಂದು ಮತ್ತೆ ಓದಿಸುವುದು. ಹಾಗೆ ಮಾಡಿದೆ. 12 ಜಿಲ್ಲೆಗಳು ಕೂದಲೂ ಕೊಂಕದೆ ವಾಪಸು ಬಂದವು. 19 ಬರಲಿಲ್ಲ.

ಬದುಕಿ ಬಂದವು ಯಾವುವು? ಬಾಗಲಕೋಟೆ, ಬೆಳಗಾವಿ, ಚಾಮರಾಜನಗರ, ದಾವಣಗೆರೆ, ಧಾರವಾಡ, ಗದಗ, ಹಾಸನ, ಹಾವೇರಿ, ಕೋಲಾರ, ರಾಮನಗರ, ವಿಜಯನಗರ, ಯಾದಗಿರಿ. ಕೆಟ್ಟವು ಮೈಸೂರು, ಮಂಡ್ಯ, ಉಡುಪಿ, ಕೊಡಗು, ಬೀದರ್, ಕೊಪ್ಪಳ, ಶಿವಮೊಗ್ಗ, ತುಮಕೂರು, ರಾಯಚೂರು, ಕಲಬುರಗಿ ಮತ್ತು ಉಳಿದವೆಲ್ಲ. ಹೆಸರಿನ ಉದ್ದ ಕಾರಣವೇ ಎಂದು ನೋಡಿದೆ. ಅಲ್ಲ, ಚಾಮರಾಜನಗರ ಬದುಕಿದೆ, ಮಂಡ್ಯ ಸತ್ತಿದೆ. ಕಡತದಲ್ಲಿ ಮೊದಲು ಬಂದವು, ಕೊನೆಗೆ ಬಂದವು ಎಂಬ ಭೇದವೂ ಇಲ್ಲ. ಕೆಟ್ಟ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಹತ್ತು ನಿಮಿಷ ನೋಡುತ್ತಾ ಕೂತ ಮೇಲೆ ಕಣ್ಣಿಗೆ ಬಿತ್ತು: ‘ಊರು’ ಎಂದು ಮುಗಿಯುವ ಒಂದೇ ಒಂದು ಹೆಸರೂ ಉಳಿದಿಲ್ಲ. ಒತ್ತಕ್ಷರವಿರುವ ಒಂದೇ ಒಂದು ಹೆಸರೂ ಉಳಿದಿಲ್ಲ. ಬದುಕಿದ 12 ಹೆಸರುಗಳಲ್ಲಿ ಎಲ್ಲಿಯೂ ಕೊಂಬಿಲ್ಲ, ಎಲ್ಲಿಯೂ ಒತ್ತಿಲ್ಲ.

ಯಂತ್ರಕ್ಕೆ ಕೊಂಬಿನ ಮೇಲೆ ಯಾವ ಹಗೆ? ಅದನ್ನು ತಿಳಿಯಲು ‘ಕ’ ಎಂಬುದು ಮೂರು ತುಂಡಾದದ್ದು ಎಲ್ಲಿ, ಯಾಕೆ ಎಂಬಲ್ಲಿಂದ ಹೊರಡಬೇಕು. ಆ ಕತೆ ನಡೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ, ರಾತ್ರಿಯೂಟದ ಹೊತ್ತಿನಲ್ಲಿ.

1980ರ ದಶಕದ ಕೊನೆಗೆ ಜೆರಾಕ್ಸ್‌ನ ಜೋ ಬೆಕರ್, ಆಪಲ್‌ನ ಲೀ ಕಾಲಿನ್ಸ್ ಮತ್ತು ಮಾರ್ಕ್ ಡೇವಿಸ್ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಪಟ್ಟಿ ಇರಲಿ ಎಂದು ಹೊರಟಿದ್ದರು. ಅದೇ ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು, 3200ರಿಂದ 3327ರವರೆಗೆ 128 ಮನೆಗಳು. ‘ಕ’ ಇರುವುದು 3221ನೇ ಮನೆಯಲ್ಲಿ. ಅದರಿಂದ ಸರಿಯಾಗಿ 128 ಹಿಂದೆ ಹೋದರೆ ತೆಲುಗಿನ ಕ, 128 ಮುಂದೆ ಹೋದರೆ ಮಲಯಾಳದ ಕ. ಈ ಅಚ್ಚುಕಟ್ಟು ಬಂದದ್ದು ಭಾರತದಿಂದಲೇ. ಭಾರತೀಯ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು, ವರ್ಣಮಾಲೆಯ ಜೋಡಣೆ ಒಂದೇ ಎಂಬ ತಿಳಿವಿನ ಮೇಲೆ ಇಸ್ಕಿ ಎಂಬ ಮಾನಕ ಇಲ್ಲಿ ತಯಾರಾಗಿತ್ತು. ಅದರ 1988ರ ರೂಪವನ್ನೇ ಯೂನಿಕೋಡ್ ತನ್ನ ಭಾರತೀಯ ಪುಟಗಳಿಗೆ ಮಾದರಿಯಾಗಿ ಇಟ್ಟುಕೊಂಡಿತು. ಈ ಸಂಗತಿ ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಮನೆಯ ಸಂಖ್ಯೆ ಸಿಕ್ಕರೆ ಮುಗಿಯಲಿಲ್ಲ. ಆ ಸಂಖ್ಯೆಯನ್ನು ಡಿಸ್ಕಿನ ಮೇಲೆ, ತಂತಿಯೊಳಗೆ ಬೈಟುಗಳಾಗಿ ಬರೆಯಬೇಕು. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಹಿಡಿಸುತ್ತದೆ. ಮೊದಲು ಹೊಳೆದ ಉಪಾಯ ಎರಡೆರಡು ಬೈಟ್ ಕೊಡುವುದು. ಆಗ 65,536 ಅಕ್ಷರಗಳಿಗೆ ಜಾಗ. ನೋಡಲು ಸರಳ. ಆದರೆ ಆ ಹೊತ್ತಿಗಾಗಲೇ ಇಪ್ಪತ್ತು ವರ್ಷ ಹಳೆಯದಾಗಿದ್ದ ಯೂನಿಕ್ಸ್ ವ್ಯವಸ್ಥೆಗೆ ಅದು ವಿಷ. ಸೊನ್ನೆ ಎಂಬ ಬೈಟ್ ಕಂಡರೆ ಅಲ್ಲಿಗೆ ಪದ ಮುಗಿಯಿತು ಎಂದು ಆ ಕಾಲದ ಪ್ರೋಗ್ರಾಮುಗಳ ನಂಬಿಕೆ, ಆದರೆ ಎರಡು ಬೈಟಿನ ಇಂಗ್ಲಿಷಿನಲ್ಲಿ ಪ್ರತಿ ಅಕ್ಷರದ ಮೊದಲ ಬೈಟೇ ಸೊನ್ನೆ. 47 ಎಂಬ ಬೈಟ್ ಕಂಡರೆ ಅದು ಫೋಲ್ಡರುಗಳನ್ನು ಬೇರೆ ಮಾಡುವ ಓರೆಗೆರೆ. ತೆಲುಗಿನ ‘ಯ’ಕ್ಕೆ ಸಿಗುವ ಎರಡು ಬೈಟುಗಳು 12 ಮತ್ತು 47; ಹಿಂದಿಯ ‘ಯ’ಕ್ಕೆ 9 ಮತ್ತು 47. ರಾಮಾಯಣ ಎಂದು ತೆಲುಗಿನಲ್ಲಿ ಹೆಸರಿಟ್ಟ ಕಡತ ‘ಯ’ದ ಬಳಿ ಎರಡು ಫೋಲ್ಡರುಗಳಾಗಿ ಸೀಳಿಹೋಗುತ್ತಿತ್ತು. ಕನ್ನಡಕ್ಕೆ ಬೇರೆ ಕಾಟ. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟ್ 12. ಹಳೆಯ ಮುದ್ರಕಗಳಿಗೆ 12 ಎಂದರೆ ಈ ಹಾಳೆ ಹೊರಗೆ ತಳ್ಳು, ಹೊಸ ಹಾಳೆ ತೆಗೆದುಕೋ ಎಂಬ ಅಪ್ಪಣೆ. ಅಕ್ಷರಕ್ಕೊಂದು ಹಾಳೆ!

ಹಾಗಾಗಿ ಎಕ್ಸ್/ಓಪನ್ ಎಂಬ ಒಕ್ಕೂಟದ ಸಮಿತಿಯೊಂದು ಕಡತವ್ಯವಸ್ಥೆಗೆ ಧಕ್ಕೆಯಾಗದ ಸಂಕೇತಕ್ರಮ ಹುಡುಕುತ್ತಿತ್ತು. ಯೂನಿಕ್ಸ್ ಸಿಸ್ಟಂ ಲ್ಯಾಬೊರೇಟರೀಸ್‌ನ ಡೇವ್ ಪ್ರಾಸರ್ 1992ರ ಜುಲೈನಲ್ಲಿ ಕೊಟ್ಟ ಕರಡು ಅದರ ಮುಂದಿತ್ತು. ಅದೇ ಹೊತ್ತಿಗೆ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಮತ್ತು ಜೊತೆಗಾರರು ಪ್ಲಾನ್ 9 ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆ ಕಟ್ಟುತ್ತಿದ್ದರು. ಥಾಂಪ್ಸನ್ ಎಂದರೆ ಡೆನ್ನಿಸ್ ರಿಚಿಯ ಜೊತೆ ಯೂನಿಕ್ಸ್ ಬರೆದವರು. ಪ್ಲಾನ್ 9ರಲ್ಲಿ ಅವರು ಐಎಸ್‌ಒ ಮಾನಕದ ಕರಡಿನಲ್ಲಿದ್ದ ಹಳೆಯ ಯುಟಿಎಫ್ ಬಳಸುತ್ತಿದ್ದರು. ಪ್ರತಿ ಅಕ್ಷರಕ್ಕೂ 190ರಿಂದ ಭಾಗಿಸಿ ಶೇಷ ನೋಡುವ ಲೆಕ್ಕ ಅದು. ಬಹುಬೈಟಿನ ಅಕ್ಷರದ ನಡುವೆ ಓರೆಗೆರೆಯೂ ನುಸುಳುತ್ತಿತ್ತು. ಅವರಿಗದು ಬಿಲ್‌ಕುಲ್ ಹಿಡಿಸಿರಲಿಲ್ಲ.

1992ರ ಸೆಪ್ಟೆಂಬರ್ ಮೊದಲ ವಾರ, ಒಂದು ಇಳಿಸಂಜೆ, ಸಮಿತಿಯವರಿಂದ ಫೋನು ಬಂತು: ನಮ್ಮ ಕರಡನ್ನು ಒಮ್ಮೆ ನೋಡಿ ಹೇಳುತ್ತೀರಾ? ನೋಡಿ ಹೇಳುವ ಬದಲು ನಾವೇ ಒಂದು ಮಾಡಿಕೊಟ್ಟರೆ ಆಗುತ್ತದೆಯೇ ಎಂದು ಇವರು ಕೇಳಿದರು. ಬೇಗ ಮಾಡುವುದಾದರೆ ಸರಿ ಎಂದರು ಅವರು. ಥಾಂಪ್ಸನ್, ಪೈಕ್ ಇಬ್ಬರೂ ಊಟಕ್ಕೆ ಹೊರಟರು. ಹೋಟೆಲಿನಲ್ಲಿ ತಟ್ಟೆಯ ಕೆಳಗೆ ಹಾಸಿದ ಕಾಗದದ ಮೇಲೆ ಥಾಂಪ್ಸನ್ ಬಿಟ್ಟುಗಳನ್ನು ಜೋಡಿಸಿ ಬರೆಯುತ್ತಾ ಹೋದರು, ಪೈಕ್ ಎದುರಿಗೆ ಕೂತು ನೋಡಿದರು. ಊಟ ಮುಗಿಸಿ ಪ್ರಯೋಗಾಲಯಕ್ಕೆ ಮರಳಿ ಸಮಿತಿಯವರಿಗೆ ಫೋನಿನಲ್ಲಿ ವಿವರಿಸಿದರು. ನಮ್ಮದಕ್ಕಿಂತ ಇದೇ ಚೆನ್ನಾಗಿದೆ, ಎಷ್ಟು ಬೇಗ ನಡೆಸಿ ತೋರಿಸುತ್ತೀರಿ ಎಂಬ ಪ್ರಶ್ನೆ ಬಂತು. ಸೋಮವಾರಕ್ಕೆ ಎಂದು ಮಾತು ಕೊಟ್ಟರು. ಆ ರಾತ್ರಿಯೇ ಥಾಂಪ್ಸನ್ ಕಟ್ಟುವ, ಬಿಚ್ಚುವ ಕೋಡ್ ಬರೆದರು; ಪೈಕ್ ವ್ಯವಸ್ಥೆಯ ಕೋಡ್ ಗ್ರಂಥಾಲಯಗಳನ್ನು ಬಿಚ್ಚಿ ಹೊಲಿಯತೊಡಗಿದರು. ಶುಕ್ರವಾರದ ಹೊತ್ತಿಗೆ ಇಡೀ ಪ್ಲಾನ್ 9 ಹೊಸ ಕ್ರಮದಲ್ಲೇ ಓಡುತ್ತಿತ್ತು. ಇದು ಮುಂದೆ ಯುಟಿಎಫ್-8 ಎಂಬ ಹೆಸರು ಪಡೆಯಿತು. ಈ ಕತೆಯನ್ನು ಪೈಕ್ ಬರೆದು ದಾಖಲಿಸಿದ್ದು 2003ರಲ್ಲಿ, ಆ ಕ್ರಮವನ್ನು ಮಾಡಿದವರು ಬೇರೆಯವರು ಎಂಬ ಮಾತು ಹರಡಿದ್ದಾಗ. ಥಾಂಪ್ಸನ್ ಬರೆದ ಆ ಕಾಗದವನ್ನು ಎತ್ತಿಟ್ಟುಕೊಳ್ಳಬೇಕಿತ್ತು ಎಂದು ಅವರಿಗೆ ಅನ್ನಿಸಿತ್ತಂತೆ. ನನಗೂ ಅನ್ನಿಸುತ್ತದೆ.

ಆ ಕಾಗದದ ಮೇಲಿದ್ದ ಯೋಚನೆ ಇಷ್ಟೇ: ಪ್ರತಿಯೊಂದು ಬೈಟೂ ತಾನು ಯಾರು ಎಂದು ತನ್ನ ಹಣೆಯ ಮೇಲೇ ಬರೆದುಕೊಂಡಿರಲಿ. ಸೊನ್ನೆಯಿಂದ ಶುರುವಾದರೆ ಅದು ಇಂಗ್ಲಿಷಿನ ಹಳೆಯ ಪಟ್ಟಿಯಾದ ಆಸ್ಕಿಯ ಅಕ್ಷರ, ಒಂಟಿ. 110 ಎಂದು ಶುರುವಾದರೆ ಎರಡು ಬೈಟಿನ ಕುಟುಂಬದ ಹಿರಿಯ, 1110 ಎಂದರೆ ಮೂರರ ಹಿರಿಯ. 10 ಎಂದು ಶುರುವಾದರೆ ಹಿರಿಯನ ಹಿಂದೆ ಬರುವ ಕಿರಿಯ. ಸಮಿತಿಯ ಕರಡಿನಲ್ಲಿ ಇಲ್ಲದಿದ್ದ ಒಂದು ಗುಣ ಇದರಿಂದ ದಕ್ಕಿತು. ಬೈಟುಗಳ ಹೊಳೆಯಲ್ಲಿ ಎಲ್ಲಿ ಕೈ ಹಾಕಿದರೂ, ಕೈಗೆ ಸಿಕ್ಕದ್ದು ಅಕ್ಷರದ ತಲೆಯೋ ಬಾಲವೋ ಎಂದು ತಕ್ಷಣ ಗೊತ್ತಾಗುತ್ತದೆ. ಒಂದು ಬೈಟ್ ಕಳೆದುಹೋದರೆ ಆ ಒಂದು ಅಕ್ಷರ ಕೆಡುತ್ತದೆ, ಮುಂದಿನದು ನೆಟ್ಟಗಿರುತ್ತದೆ. ಮತ್ತು ಕಿರಿಯ ಬೈಟುಗಳಲ್ಲಿ ಯಾವುದೂ ಸೊನ್ನೆಯಾಗಲಿ 47 ಆಗಲಿ ಆಗಲು ಸಾಧ್ಯವೇ ಇಲ್ಲ.

‘ಕ’ವನ್ನೇ ಕೂರಿಸಿ ನೋಡೋಣ. 3221ನ್ನು ಬಿಟ್ಟುಗಳಲ್ಲಿ ಬರೆದು ನಾಲ್ಕು, ಆರು, ಆರು ಎಂದು ಒಡೆದರೆ 0000, 110010, 010101. ಹಿರಿಯನಿಗೆ 1110, ಕಿರಿಯರಿಗೆ 10 ಎಂಬ ಹಣೆಬರಹ ಅಂಟಿಸಿದರೆ ಸಿಗುವುದು 224, 178, 149. ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಶುರುವಾಗುತ್ತವೆ. ಎರಡನೆಯ ಬೈಟ್ 178 ಇಲ್ಲವೇ 179. ಇಸ್ಕಿಯಲ್ಲಿ ಒಂದೇ ಬೈಟಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಮೂರು ಬೇಕು, ಇಂಗ್ಲಿಷಿಗೆ ಈಗಲೂ ಒಂದೇ ಸಾಕು. ಈ ಅಸಮತೆಯನ್ನು ನಾನು ಸಣ್ಣದೆಂದು ಹೇಳಲಾರೆ; ಡಿಸ್ಕು ದುಬಾರಿಯಾಗಿದ್ದ ಕಾಲದಲ್ಲಿ ಅದು ನಿಜವಾದ ಹೊರೆಯೇ ಆಗಿತ್ತು. ಆದರೂ ಆ ಮೂರು ಬೈಟು ಕೊಟ್ಟು ನಾವು ಕೊಂಡದ್ದು, ಕನ್ನಡ, ಉರ್ದು, ಗ್ರೀಕ್ ಮೂರನ್ನೂ ಒಂದೇ ಸಾಲಿನಲ್ಲಿ ಜಗಳವಿಲ್ಲದೆ ಇಡುವ ಸೌಲಭ್ಯ.

ಈಗ ಊರುಗಳಿಗೆ ಮರಳೋಣ. 224, 178, 149 ಎಂಬ ಮೂರು ಬೈಟುಗಳನ್ನು ಒಂದು ಬೈಟಿಗೆ ಒಂದು ಅಕ್ಷರ ಎಂದು ನಂಬಿದ ವಿಂಡೋಸ್-1252 ಓದಿದರೆ 224 ಓರೆಗೀಟಿನ ಎ, 178 ವರ್ಗಚಿಹ್ನೆ, 149 ದಪ್ಪ ಚುಕ್ಕಿ. ಎರಡನೆಯ ಬೈಟ್ 179 ಆಗಿದ್ದರೆ ವರ್ಗದ ಬದಲು ಘನಚಿಹ್ನೆ. ಕೆಟ್ಟುಹೋದ ಮಾಹಿತಿ ಯಾವ ಭಾಷೆಯದು ಎಂದು ಇದರಿಂದಲೇ ಹೇಳಬಹುದು, ವೈದ್ಯರು ನಾಲಿಗೆ ನೋಡಿ ಹೇಳುವ ಹಾಗೆ. ಓರೆಗೀಟಿನ ಎ ಪಕ್ಕದಲ್ಲಿ ವರ್ಗ, ಘನ ಚಿಹ್ನೆಗಳು ತುಂಬಿದ್ದರೆ ಕನ್ನಡ. ಉಷ್ಣತೆಯ ಡಿಗ್ರಿ ಚಿಹ್ನೆ, ಕೂಡು-ಕಳೆ ಜೋಡಿಚಿಹ್ನೆ ಕಂಡರೆ ತೆಲುಗು. ಜಪಾನಿನ ಯೆನ್ ನಾಣ್ಯದ ಗುರುತು ಚೆಲ್ಲಿದ್ದರೆ ಹಿಂದಿ ಅಥವಾ ಮರಾಠಿ. ವೃತ್ತದೊಳಗಿನ ಆರ್, ನೋಂದಾಯಿತ ಸರಕಿನ ಮುದ್ರೆ, ಪದೇ ಪದೇ ಬಂದರೆ ತಮಿಳು. ಹಲವು ಭಾಷೆಗಳ ಮಾಹಿತಿ ಒಂದೇ ಕೋಷ್ಟಕದಲ್ಲಿ ಕಲಸಿಹೋಗಿದ್ದಾಗ ಈ ಗುರುತುಗಳಷ್ಟು ಕೈಹಿಡಿಯುವುದು ಬೇರೊಂದಿಲ್ಲ.

ವಿಂಡೋಸ್-1252 ಪಟ್ಟಿ ಹುಟ್ಟಿದ್ದು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ. ಅದಕ್ಕೆ ಆಧಾರವಾದ ಐಎಸ್‌ಒ 8859-1 ಮಾನಕದಲ್ಲಿ 128ರಿಂದ 159ರವರೆಗಿನ 32 ಮನೆಗಳನ್ನು ನಿಯಂತ್ರಣ ಸಂಕೇತಗಳಿಗೆಂದು ಬಿಡಲಾಗಿತ್ತು. ಅವನ್ನು ಬಳಸುತ್ತಿದ್ದವರು ಕಡಿಮೆ. ಮೈಕ್ರೋಸಾಫ್ಟ್ ಅಲ್ಲಿ ಬಾಗಿದ ಉದ್ಧರಣ ಚಿಹ್ನೆ, ಉದ್ದ ಅಡ್ಡಗೆರೆ, ಮುಂದೆ ಯುರೋ ಎಲ್ಲವನ್ನೂ ತುಂಬಿತು. 27 ಮನೆ ತುಂಬಿದವು. ಐದು ಖಾಲಿ ಉಳಿದವು: 129, 141, 143, 144, 157.

ಪೆನ್ಸಿಲು ಹಿಡಿದು ಕನ್ನಡದ ಎಲ್ಲ ಅಕ್ಷರಗಳ ಮೂರನೆಯ ಬೈಟ್ ಬರೆಯತೊಡಗಿದೆ. 143 ಎಂದರೆ ಏ. 144 ಎಂದರೆ ಐ. 157 ಎಂದರೆ ಝ. ಇವು ಆಗೊಮ್ಮೆ ಈಗೊಮ್ಮೆ ಬರುವ ಅಕ್ಷರಗಳು, ಹೋಗಲಿ ಎನ್ನಬಹುದಿತ್ತು. ಘನಚಿಹ್ನೆಯ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು. 129 ಎಂದರೆ ಉಕಾರದ ಕೊಂಬು. 141 ಎಂದರೆ ವಿರಾಮ, ಅಂದರೆ ಅಕ್ಷರದ ಸ್ವರ ತೆಗೆದು ಅರ್ಧಾಕ್ಷರ ಮಾಡುವ ಗುರುತು. ಪ್ರತಿಯೊಂದು ಒತ್ತಕ್ಷರದ ಹೊಟ್ಟೆಯಲ್ಲೂ ಇರುವುದು. ‘ಕನ್ನಡ’ ಎಂಬ ಪದ ಕಂಪ್ಯೂಟರಿಗೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ, 15 ಬೈಟು. ಆ ಹದಿನೈದರಲ್ಲಿ ಒಂದೇ ಒಂದು, ವಿರಾಮದ ಕೊನೆಯ 141, ಖಾಲಿ ಮನೆಗೆ ಬೀಳುತ್ತದೆ. ಅಲ್ಲಿಗೆ ಉತ್ತರ ಕನ್ನಡವೂ ಇಲ್ಲ, ದಕ್ಷಿಣ ಕನ್ನಡವೂ ಇಲ್ಲ. ರ‍್ಯಾಂಕ್ ಎಂದು ಬರೆಯುವಾಗ ಅರ್ಕಾವತ್ತು ಆಗದಂತೆ ನಡುವೆ ಇಡುವ ಕಾಣದ ಜೋಡಕವಿದೆಯಲ್ಲ, ಅದರ ಕೊನೆಯ ಬೈಟೂ 141.

ಹಾಳೆಯನ್ನು ಪಕ್ಕಕ್ಕಿಟ್ಟು ಹಿಂದಿಯ ಪುಟ ತೆಗೆದೆ. ಅಲ್ಲಿಯೂ ಉಕಾರದ ಚಿಹ್ನೆಗೆ 129, ಹಲಂತಕ್ಕೆ 141. ತೆಲುಗಿನಲ್ಲೂ ಅದೇ. ತಮಿಳಿನಲ್ಲೂ ಅದೇ, ಅಕ್ಷರದ ತಲೆಯ ಮೇಲಿಡುವ ಪುಳ್ಳಿಯೇ 141. ಇಸ್ಕಿ ಮಾಡಿದವರು ಎಲ್ಲ ಲಿಪಿಗಳನ್ನೂ ಒಂದೇ ಅಚ್ಚಿನಲ್ಲಿ ಕೂರಿಸಿದ್ದರಿಂದ, ಒಂದು ಭಾಷೆಯಲ್ಲಿ ಖಾಲಿ ಮನೆಗೆ ಬಿದ್ದದ್ದು ಎಲ್ಲ ಭಾಷೆಗಳಲ್ಲೂ ಬಿತ್ತು. ಭಾರತದಲ್ಲಿ ವರ್ಣಮಾಲೆ ಜೋಡಿಸಿದವರು, ಮೈಕ್ರೋಸಾಫ್ಟ್‌ನಲ್ಲಿ ಉದ್ಧರಣ ಚಿಹ್ನೆಗೆ ಜಾಗ ಹುಡುಕಿದವರು, ನ್ಯೂಜೆರ್ಸಿಯಲ್ಲಿ ಊಟದ ಹಾಸಿನ ಮೇಲೆ ಬರೆದವರು, ಮೂವರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಮೂರು ಕೆಲಸಗಳೂ ಬಂದು ಕೂಡಿದ ಜಾಗದಲ್ಲಿ ನಮ್ಮ ಕೊಂಬು ನಿಂತಿತ್ತು.

ಖಾಲಿ ಮನೆ ಕಂಡಾಗ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅಲ್ಲಿಯೇ ನಿಂತು, ಇಷ್ಟನೆಯ ಸ್ಥಾನದ ಬೈಟ್ ಓದಲಾಗುತ್ತಿಲ್ಲ ಎಂದು ದೂರುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕಡತ ತೆರೆಯಲು ಹೋಗಿ ಆ ದೂರು ಓದಿದವರು ಬಹಳ ಜನ. ಅದನ್ನು ಶಾಪವೆಂದು ಭಾವಿಸಬಾರದು, ಅದು ಉಪಕಾರ. ನಾನು ಮೊದಲು ಹೇಳಿದ ಪ್ರಯೋಗದಲ್ಲಿ ದೂರಬೇಡ ಎಂದು ಬಾಯಿ ಕಟ್ಟಿದ್ದಕ್ಕೇ 19 ಹೆಸರು ಹೋದದ್ದು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನದು ಮೂರನೆಯ ದಾರಿ. ಅದು ಲ್ಯಾಟಿನ್-1 ಎಂದು ಕರೆಯುವುದು ನಿಜದಲ್ಲಿ ವಿಂಡೋಸ್-1252ನ್ನು, ಆದರೆ ಆ ಐದು ಖಾಲಿ ಮನೆಗಳಿಗೂ ಕಾಣದ ನಿಯಂತ್ರಣ ಸಂಕೇತ ತುಂಬಿಕೊಳ್ಳುತ್ತದೆ. ಹಾಗಾಗಿ ತಪ್ಪು ಹೇಳಿ ಒಳಗೆ ಹಾಕಿ, ಅದೇ ತಪ್ಪು ಹೇಳಿ ಹೊರಗೆ ತೆಗೆದರೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಎಷ್ಟೋ ಜಾಲತಾಣಗಳು ವರ್ಷಗಟ್ಟಲೆ ಹೀಗೆ ನಡೆದವು. ಒಳಗೆ ಅಕಾರಾದಿ ಜೋಡಣೆ ನಡೆಯುತ್ತಿದ್ದದ್ದು ಸ್ವೀಡನ್ನಿನ ವರ್ಣಮಾಲೆಯ ಪ್ರಕಾರ, ಯಾಕೆಂದರೆ ಮೈಎಸ್‌ಕ್ಯೂಎಲ್ ಹುಟ್ಟಿದ್ದು ಅಲ್ಲಿ. ತಾನಾಗಿ ಬರುತ್ತಿದ್ದ ಆಯ್ಕೆಯೂ ಅದೇ. ಹೊಸ ಸರ್ವರಿಗೆ ಮಾಹಿತಿ ಸಾಗಿಸಿದ ದಿನ, ಯಾರೋ ಒಬ್ಬರು ಸರಿಯಾದ ಹೆಸರು ಹೇಳಿದ ದಿನ, ಎಲ್ಲವೂ ಒಟ್ಟಿಗೆ ಕೆಡುತ್ತದೆ.

ಆಗ ಆಗುವುದು ಇಮ್ಮಡಿ ಸಂಕೇತ. ಈಗಾಗಲೇ ಯುಟಿಎಫ್-8 ಆಗಿರುವುದನ್ನು ಲ್ಯಾಟಿನ್ ಎಂದು ತಿಳಿದು ಮತ್ತೊಮ್ಮೆ ಯುಟಿಎಫ್-8 ಮಾಡುವುದು. ‘ಗದಗ’ 9 ಬೈಟಿನ ಹೆಸರು, ಹೀಗೆ ಎರಡು ಸಲ ಸುತ್ತಿದರೆ 20 ಬೈಟು. ಅಳತೆ ನೋಡಿ ಮಾಡಿಟ್ಟ ಅಂಕಣದಲ್ಲಿ ಅದು ಹಿಡಿಸದೆ ಬಾಲ ಕತ್ತರಿಸಿಹೋದರೆ ಹಿಂದಕ್ಕೆ ತರುವ ದಾರಿಯೇ ಮುಚ್ಚಿತು. ಕತ್ತರಿಸದಿದ್ದರೆ ದಾರಿಯಿದೆ. ಆ ಅಂಕಣವನ್ನು ಲ್ಯಾಟಿನ್ ಎಂದು ಒಮ್ಮೆ ಬಿಚ್ಚಿಸಿ, ನಡುವೆ ಒಂದು ಗಳಿಗೆ ‘ಇದು ಅಕ್ಷರವಲ್ಲ, ಬರೀ ಬೈಟು’ ಎಂದು ಹೇಳಿ, ಆಮೇಲೆ ಯುಟಿಎಫ್-8 ಎಂದು ಹೊಸ ಹೆಸರಿಡುವುದು. ಆ ನಡುವಿನ ಗಳಿಗೆಯೇ ಮುಖ್ಯ. ಅದಿಲ್ಲದೆ ನೇರವಾಗಿ ಬದಲಿಸಹೊರಟರೆ ಡೇಟಾಬೇಸ್ ನೆರವಾಗುವ ಉತ್ಸಾಹದಲ್ಲಿ ಬಿಚ್ಚಿದ್ದನ್ನು ಮತ್ತೆ ಸುತ್ತಿಬಿಡುತ್ತದೆ.

ಎಲ್ಲಕ್ಕಿಂತ ನೋವಿನದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಕಣವನ್ನು ಯೂನಿಕೋಡ್ ಎಂದೇ ಮಾಡಿಟ್ಟಿದ್ದರೂ, ಆಜ್ಞೆಯಲ್ಲಿ ಕನ್ನಡ ಪದದ ಮುಂದೆ ‘ಎನ್’ ಎಂಬ ಒಂದು ಅಕ್ಷರ ಹಾಕಲು ಮರೆತರೆ ಅದು ಮೊದಲು ಹಳೆಯ ಪಟ್ಟಿಗೆ ಇಳಿದು, ಅಲ್ಲಿ ಕನ್ನಡ ಸಿಗದೆ, ಸಂಕೇತಕ್ಕೊಂದು ಪ್ರಶ್ನೆಯಾಗಿ ಕೂರುತ್ತದೆ. ಮೊಜಿಬಾಕೆಯಲ್ಲಿ ಅಕ್ಷರ ವೇಷದಲ್ಲಾದರೂ ಜೀವಂತವಿರುತ್ತದೆ. ಇಲ್ಲಿ ಶಿವಮೊಗ್ಗವೂ ಪ್ರಶ್ನೆ, ಚಿತ್ರದುರ್ಗವೂ ಪ್ರಶ್ನೆ. ಮೂಲ ಕಡತ ಇಲ್ಲದಿದ್ದರೆ ಏನೂ ಮಾಡುವಂತಿಲ್ಲ. ಅದಕ್ಕೇ ಬಂದ ಕಡತವನ್ನು ಮುಟ್ಟದೆ ಒಂದು ಪ್ರತಿ ತೆಗೆದಿಡದೆ ನಾನು ಕೆಲಸ ಶುರುಮಾಡುವುದಿಲ್ಲ.

ಕಾಗದದ ಹಾಸಿನ ಮೇಲಿನ ವಿನ್ಯಾಸ ಕಳ್ಳರನ್ನೂ ತಡೆಯುತ್ತದೆ ಎಂಬುದು ಗೊತ್ತಾದದ್ದು ತಡವಾಗಿ. ಚೀನಾದ ಜಿಬಿಕೆ ಎಂಬ ಸಂಕೇತಕ್ರಮದಲ್ಲಿ ಅಕ್ಷರದ ಎರಡನೆಯ ಬೈಟ್ 92 ಆಗಬಹುದು. 92 ಎಂದರೆ ಹಿಂದಕ್ಕೆ ಬಾಗಿದ ಗೆರೆ, ಡೇಟಾಬೇಸ್ ಆಜ್ಞೆಗಳಲ್ಲಿ ಉದ್ಧರಣ ಚಿಹ್ನೆಯನ್ನು ನಿರಪಾಯ ಮಾಡಲು ಅದರ ಮುಂದೆ ಹಾಕುವಂಥದ್ದು. ಕಿಡಿಗೇಡಿ 191 ಎಂಬ ಬೈಟಿನ ಪಕ್ಕ ಒಂದು ಉದ್ಧರಣ ಚಿಹ್ನೆ ಕಳಿಸುತ್ತಾನೆ. ಕಾವಲು ಪ್ರೋಗ್ರಾಮು ನಡುವೆ 92 ಸೇರಿಸುತ್ತದೆ. ಜಿಬಿಕೆ ಓದುವ ಡೇಟಾಬೇಸ್ 191, 92 ಎರಡನ್ನೂ ಸೇರಿಸಿ ಒಂದು ಚೀನೀ ಅಕ್ಷರ ಎಂದುಕೊಳ್ಳುತ್ತದೆ; ಉದ್ಧರಣ ಚಿಹ್ನೆ ಕಾವಲಿಲ್ಲದೆ ಹೊರಬಿದ್ದು ಆಜ್ಞೆಯನ್ನೇ ಮುರಿಯುತ್ತದೆ. ಯುಟಿಎಫ್-8ರಲ್ಲಿ ಈ ಆಟ ನಡೆಯದು. ಅಲ್ಲಿ 92 ಎಂಬುದು ಇನ್ನೊಂದು ಅಕ್ಷರದ ಹೊಟ್ಟೆಯೊಳಗೆ ಎಂದೂ ಇರುವುದಿಲ್ಲ.

ಇಷ್ಟು ಗಟ್ಟಿಯಾದದ್ದನ್ನು ಮೊಟಕು ಮಾಡಿದ್ದೂ ಉಂಟು. ಮೈಎಸ್‌ಕ್ಯೂಎಲ್ ತನ್ನ 4.1ನೇ ಆವೃತ್ತಿಗೆ ಯುಟಿಎಫ್-8 ಸೇರಿಸುತ್ತಿದ್ದಾಗ, 2002ರ ಸೆಪ್ಟೆಂಬರಿನಲ್ಲಿ, ಒಂದು ಸಣ್ಣ ತಿದ್ದುಪಡಿಯಾಯಿತು: ಒಂದು ಅಕ್ಷರಕ್ಕೆ ಹೆಚ್ಚೆಂದರೆ ಮೂರು ಬೈಟು. ನ್ಯೂಜೆರ್ಸಿಯ ಊಟಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ತಿಂಗಳು ಅದು. ಹೆಸರು ಮಾತ್ರ ಯುಟಿಎಫ್8 ಎಂದೇ ಉಳಿಯಿತು. ಕನ್ನಡಕ್ಕೆ ಮೂರೇ ಬೈಟು ಸಾಕಾದ್ದರಿಂದ ನಮಗೆ ವರ್ಷಗಟ್ಟಲೆ ಇದರ ಬಿಸಿ ತಟ್ಟಲಿಲ್ಲ. ಫೋನುಗಳಲ್ಲಿ ಎಮೋಜಿ ಬಂದವು. ಕೈಮುಗಿದ ಆ ಚಿತ್ರಕ್ಕೆ ನಾಲ್ಕು ಬೈಟು ಬೇಕು. ಒಬ್ಬರು ‘ನಮಸ್ಕಾರ’ ಎಂದು ಬರೆದು, ಕೈಮುಗಿಯುವ ಚಿತ್ರ ಹಾಕಿ, ಅದರ ಮುಂದೆ ತಮ್ಮ ಕಷ್ಟವನ್ನೆಲ್ಲ ಬರೆದರೆ, ಕಟ್ಟುನಿಟ್ಟಿಲ್ಲದೆ ನಡೆಯುತ್ತಿದ್ದ ಡೇಟಾಬೇಸ್ ‘ನಮಸ್ಕಾರ’ವನ್ನಷ್ಟೇ ಉಳಿಸಿಕೊಂಡು ಮುಂದಿನದನ್ನೆಲ್ಲ ಬಿಟ್ಟುಬಿಡುತ್ತಿತ್ತು. 2010ರಲ್ಲಿ ಯುಟಿಎಫ್8ಎಂಬಿ4 ಎಂಬ ಹೊಸ ಹೆಸರಿನಲ್ಲಿ ನಾಲ್ಕು ಬೈಟಿನ ಪೂರ್ಣರೂಪ ಬಂತು. ಬದಲಿಸಲು ಹೊರಟವರಿಗೆ ಮತ್ತೊಂದು ಅಡ್ಡಿ: ಸೂಚಿಯ ಕೀಲಿ ಆಗ 767 ಬೈಟು ಮೀರುವಂತಿರಲಿಲ್ಲ, 255 ಅಕ್ಷರಕ್ಕೆ ಮೂರರಂತೆ 765 ಆಗುತ್ತಿತ್ತು, ನಾಲ್ಕರಂತೆ ಹಿಡಿಸುತ್ತಿದ್ದದ್ದು 191 ಮಾತ್ರ. ಹಳೆಯ ಕೋಷ್ಟಕಗಳಲ್ಲಿ 191 ಎಂಬ ವಿಚಿತ್ರ ಅಳತೆ ಕಂಡರೆ ಅದರ ಹಿಂದಿರುವುದು ಇದೇ ಲೆಕ್ಕ. 2018ರ 8.0 ಆವೃತ್ತಿಯಲ್ಲಿ ಕೊನೆಗೂ ನಾಲ್ಕು ಬೈಟಿನದು ತಾನಾಗಿ ಬರುವ ಆಯ್ಕೆಯಾಯಿತು. ಆರಕಲ್ ಡೇಟಾಬೇಸ್‌ನಲ್ಲೂ ಇಂಥದ್ದೇ ಹೆಸರಿನ ಮೋಸವಿದೆ. ಅಲ್ಲಿ ಯುಟಿಎಫ್8 ಎಂಬುದು ಪೂರ್ಣವಲ್ಲ, ಎಎಲ್32ಯುಟಿಎಫ್8 ಎಂಬುದು ಪೂರ್ಣ.

ನಾಲ್ಕನೆಯ ಬೈಟು ಬರೀ ಚಿತ್ರಗಳಿಗಲ್ಲ. ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಅಶೋಕ ಬರೆಸಿದ ಬ್ರಾಹ್ಮಿ ಅಕ್ಷರಗಳು ಯೂನಿಕೋಡಿನಲ್ಲಿ ಇರುವುದು 69,632ರಿಂದ ಮುಂದೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16 ಆವೃತ್ತಿಯ ಜೊತೆ ತುಳು-ತಿಗಳಾರಿ ಲಿಪಿ ಸೇರಿತು, ಅದರ ಮನೆಗಳು 70,528ರಿಂದ ಆರಂಭ. ಎರಡೂ 65,536ರ ಗಡಿಯ ಆಚೆ. ಕರಾವಳಿಯ ತಾಳೆಗರಿಗಳ ಸೂಚಿಯನ್ನು ಅವುಗಳದೇ ಲಿಪಿಯಲ್ಲಿ ಡೇಟಾಬೇಸಿಗೆ ಹಾಕಲು ಹೊರಟವರ ಅಂಕಣ ಮೂರು ಬೈಟಿನದಾಗಿದ್ದರೆ, ಒಂದೇ ಒಂದು ಅಕ್ಷರವೂ ಒಳಗೆ ಹೋಗುವುದಿಲ್ಲ.

ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನಮ್ಮ ದಾಖಲೆಗಳದು ಬೇರೆಯೇ ಸಂಕಟ, ಅದನ್ನೂ ಹೇಳದಿದ್ದರೆ ಮನಸ್ಸು ಒಪ್ಪದು. ಬರಹ, ನುಡಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಲಕ್ಷಾಂತರ ಪುಟಗಳಲ್ಲಿ ಕನ್ನಡ ಅಕ್ಷರವೇ ಇಲ್ಲ, ಅಕ್ಷರದ ಆಕಾರದ ತುಂಡುಗಳಿವೆ. ಲ್ಯಾಟಿನ್ ಅಕ್ಷರಗಳ ಮನೆಯಲ್ಲಿ ಅವು ಬಾಡಿಗೆಗಿವೆ. ಅವನ್ನು ಸಾಗಿಸಲು ಸಂಕೇತಕ್ರಮದ ಹೆಸರು ಬದಲಿಸಿದರೆ ಸಾಲದು, ಜೋಡಣೆಯನ್ನೇ ತಿರುವಬೇಕು. ‘ಸೂರ್ಯ’ ಎಂದು ಬರೆದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ಯ’ದ ನಂತರ ಕೂತಿರುತ್ತದೆ, ಯೂನಿಕೋಡಿಗೆ ಅದು ಕಿವಿಗೆ ಕೇಳುವಂತೆ ‘ಯ’ಕ್ಕೂ ಮೊದಲು ಬರಬೇಕು. ಪರಿವರ್ತಕಗಳನ್ನು ಬರೆದು ಹಂಚಿದ ಕನ್ನಡಿಗರು ಮಾಡಿದ ಕೆಲಸ ದೊಡ್ಡದು.

ಆ 31 ಹೆಸರಿನ ಹಾಳೆ ಈಗಲೂ ಮೇಜಿನ ಮೇಲಿದೆ. ಅದರ ಅಂಚಿನಲ್ಲಿ ಆಮೇಲೆ ಇನ್ನೆರಡು ಅಕ್ಷರ ಸೇರಿಸಿಕೊಂಡೆ. ‘ಠ’ದ ಕೊನೆಯ ಬೈಟ್ 160, ಲ್ಯಾಟಿನ್ ಪಟ್ಟಿಯಲ್ಲಿ ಅದು ಮುರಿಯದ ಖಾಲಿಜಾಗ; ಹೆಸರಿನ ಕೊನೆಯ ಖಾಲಿಜಾಗ ಒರೆಸುವ ಪ್ರೋಗ್ರಾಮಿಗೆ ‘ಮಠ’ ಸಿಕ್ಕರೆ ‘ಠ’ದ ಕೊನೆ ಹೋಗುತ್ತದೆ. ‘ಭ’ದ ಕೊನೆಯ ಬೈಟ್ 173, ಕಣ್ಣಿಗೆ ಕಾಣದ ಮೃದು ಅಡ್ಡಗೆರೆ, ತೆರೆಯ ಮೇಲಿನದನ್ನು ನೋಡಿ ನಕಲಿಸಿದರೆ ತಪ್ಪಿಹೋಗಬಹುದು.

ಗದಗ, ಹಾಸನ, ಧಾರವಾಡ ಎಂದು ಬರೆದು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದು ನಾನು ನಂಬುತ್ತಿದ್ದ ದಿನಗಳಿದ್ದವು. ಈಗ ಯಾವ ಡೇಟಾಬೇಸಿಗಾದರೂ ಮೊದಲು ಹಾಕುವ ಸಾಲು ಬೇರೆ: ಏಣಿ, ಐದು, ಝರಿ, ಮೈಸೂರು, ಮಂಡ್ಯ, ರ‍್ಯಾಂಕ್, ಮಠ, ಭತ್ತ, ಕೈಮುಗಿದ ಚಿತ್ರ, ಕೊನೆಗೊಂದು ತುಳು-ತಿಗಳಾರಿ ಅಕ್ಷರ. ಹಾಕಿ, ಹೊರಗೆ ತೆಗೆದು, ಬೈಟಿಗೆ ಬೈಟು ಹೋಲಿಸಿ, ಹೋದಂತೆಯೇ ಬಂದಿದ್ದರೆ ಮಾತ್ರ ಉಳಿದ ಸಾಲುಗಳನ್ನು ಬಿಡುತ್ತೇನೆ.